ಉದ್ಯೋಗದಲ್ಲಿ ಅಂಗವಿಕಲರ ಹಕ್ಕು: ಭಾರತದ ಕಾನೂನಿನ ಇತಿಹಾಸ

ಅಂಗವೈಕಲ್ಯದ ಕಾರಣ ಮುಂದಿಟ್ಟು ಕೆಲಸ ನಿರಾಕರಿಸುವುದು, ಇರುವ ಕೆಲಸದಿಂದ ತೆಗೆಯುವುದು, ಹಿಂಬಡ್ತಿ ಕೊಡುವುದು, ಬಡ್ತಿ ತಡೆಯುವುದು, ಕೆಲಸ ಮಾಡಲು ಬೇಕಾದ ಅನುಕೂಲ ಒದಗಿಸದಿರುವುದು ತಾರತಮ್ಯವೆಂದು ಭಾರತದ ಕಾನೂನು ಇಂದು ಒಪ್ಪುತ್ತದೆ. ಈ ಒಪ್ಪಿಗೆಯ ಮೊದಲ ಹೆಜ್ಜೆಗೇ ಸ್ವಾತಂತ್ರ್ಯಾನಂತರ ಸುಮಾರು ಅರ್ಧ ಶತಮಾನ ಹಿಡಿಯಿತು. 1995 ಮತ್ತು 2016ರ ಎರಡು ಕಾಯಿದೆಗಳು ಈ ಇತಿಹಾಸದ ಮುಖ್ಯ ಘಟ್ಟಗಳು. ಆದರೆ ಆ ಕಾಯಿದೆಗಳಿಗೆ ಜೀವ ತುಂಬಿದ್ದು ಬಹುಮಟ್ಟಿಗೆ ನೌಕರಿ ಕಳೆದುಕೊಂಡವರು, ನೌಕರಿ ಸಿಗದವರು ಹೂಡಿದ ದಾವೆಗಳು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ದೇಶದ ಅಂಗವಿಕಲರಲ್ಲಿ ದುಡಿಮೆಯಲ್ಲಿ ತೊಡಗಿದ್ದವರು ಶೇ 36ರಷ್ಟು ಮಾತ್ರ.

ಪರಿಹಾರದ ಕಾಲ

ಬ್ರಿಟಿಷ್ ಆಡಳಿತ 1923ರಲ್ಲಿ ತಂದ ಕೆಲಸಗಾರರ ಪರಿಹಾರ ಕಾಯಿದೆ, ಕೆಲಸದಲ್ಲಿದ್ದಾಗ ಅಪಘಾತಕ್ಕೆ ಸಿಕ್ಕವರಿಗೆ ಹಣ ಕೊಡಿಸುವ ವ್ಯವಸ್ಥೆ ಮಾಡಿತು. ಕೈ, ಕಾಲು, ಕಣ್ಣು, ಹೆಬ್ಬೆರಳು ಇವುಗಳಲ್ಲಿ ಯಾವುದು ಹೋದರೆ ಗಳಿಕೆಯ ಸಾಮರ್ಥ್ಯ ಶೇಕಡ ಎಷ್ಟು ಕುಗ್ಗಿತು ಎಂಬ ಪಟ್ಟಿಯೇ ಅದರ ಅನುಸೂಚಿಯಲ್ಲಿತ್ತು. ಗಿರಣಿಯ ಯಂತ್ರಕ್ಕೆ ಬೆರಳು ಕೊಟ್ಟ ಕಾರ್ಮಿಕನಿಗೆ ಅದರಿಂದ ಒಂದಿಷ್ಟು ಹಣ ಸಿಗುತ್ತಿತ್ತು. ಆತ ಮತ್ತೆ ಅದೇ ಗಿರಣಿಗೆ ಕೆಲಸಕ್ಕೆ ಬರಬಹುದೇ ಎಂಬ ಪ್ರಶ್ನೆಯನ್ನು ಕಾಯಿದೆ ಎತ್ತಲೇ ಇಲ್ಲ. 1948ರ ನೌಕರರ ರಾಜ್ಯ ವಿಮಾ ಕಾಯಿದೆ ತುಸು ಮುಂದೆ ಹೋಗಿ, ಕಾರ್ಮಿಕ ಅನಾರೋಗ್ಯದ ಸೌಲಭ್ಯ ಪಡೆಯುತ್ತಿರುವ ಅವಧಿಯಲ್ಲಿ ಮಾಲೀಕ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂದಿತು.

ಸಂವಿಧಾನದ 16ನೆಯ ವಿಧಿ ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶದ ಭರವಸೆ ಕೊಟ್ಟಿದೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಮುಂತಾದ ಆಧಾರಗಳಲ್ಲಿ ತಾರತಮ್ಯ ಕೂಡದು ಎಂದು ಹೆಸರಿಸಿ ಹೇಳುವ ಆ ವಿಧಿಯಲ್ಲಿ ಅಂಗವೈಕಲ್ಯದ ಹೆಸರಿಲ್ಲ. ಅದು ಕಾಣಿಸುವುದು ನ್ಯಾಯಾಲಯದ ಮೂಲಕ ಜಾರಿಗೊಳಿಸಲಾಗದ ನಿರ್ದೇಶಕ ತತ್ವಗಳಲ್ಲಿ, 41ನೆಯ ವಿಧಿಯಲ್ಲಿ. ಅದೂ ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ನೀಡಬೇಕಾದ ನೆರವಿನ ವಿಷಯವಾಗಿ. 1959ರಲ್ಲಿ ಮುಂಬೈಯಲ್ಲಿ ಅಂಗವಿಕಲರಿಗಾಗಿಯೇ ಒಂದು ವಿಶೇಷ ಉದ್ಯೋಗ ವಿನಿಮಯ ಕೇಂದ್ರ ತೆರೆಯಿತು. ಅದೇ ವರ್ಷ ಬೆಂಗಳೂರಿನಲ್ಲಿ, ಸ್ವತಃ ಪೋಲಿಯೊ ಪೀಡಿತರಾಗಿದ್ದ ಎನ್.ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆಯನ್ನು (ಎಪಿಡಿ) ಕಟ್ಟಿದರು. 1977ರಲ್ಲಿ ಕೇಂದ್ರ ಸರ್ಕಾರ ತನ್ನ ಸಿ ಮತ್ತು ಡಿ ದರ್ಜೆಯ ಹುದ್ದೆಗಳಲ್ಲಿ ಶೇ 3ರಷ್ಟು ಮೀಸಲಾತಿ ತಂದಿತು. ಗುಮಾಸ್ತ, ಜವಾನರ ಹುದ್ದೆಗಳಿಗೆ ಅಂಗವಿಕಲರು ಸಾಕು, ಅಧಿಕಾರಿಯ ಕುರ್ಚಿ ಅವರದಲ್ಲ ಎಂಬ ಅಂದಿನ ಎಣಿಕೆ ಈ ಆದೇಶದಲ್ಲಿ ಸ್ಪಷ್ಟವಾಗಿಯೇ ಇತ್ತು.

ಅಷ್ಟರಲ್ಲಿ ಹೊರದೇಶಗಳಲ್ಲಿ ಎರಡು ದಾರಿಗಳು ಮೂಡಿದ್ದವು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡವರನ್ನು ಕಣ್ಣೆದುರು ಇಟ್ಟುಕೊಂಡು ಬ್ರಿಟನ್ 1944ರಲ್ಲಿ ಮಾಡಿದ ಕಾನೂನು, 20 ಅಥವಾ ಹೆಚ್ಚು ನೌಕರರಿರುವ ಮಾಲೀಕರು ಶೇ 3ರಷ್ಟು ಅಂಗವಿಕಲರನ್ನು ನೇಮಿಸಿಕೊಳ್ಳಬೇಕು ಎಂದಿತು. ಅಮೆರಿಕ ಪಾಲು ಹಂಚುವ ಗೋಜಿಗೆ ಹೋಗದೆ, ತಾರತಮ್ಯವನ್ನೇ ನಿಷೇಧಿಸಿತು. 1973ರ ಪುನರ್ವಸತಿ ಕಾಯಿದೆಯ 504ನೆಯ ಸೆಕ್ಷನ್ ಸರ್ಕಾರದ ಹಣ ಪಡೆಯುವ ಸಂಸ್ಥೆಗಳನ್ನು ಕಟ್ಟಿಹಾಕಿದರೆ, 1990ರ ಅಮೆರಿಕನ್ ಅಂಗವಿಕಲರ ಕಾಯಿದೆ ಖಾಸಗಿ ಮಾಲೀಕರನ್ನೂ ಅದರ ವ್ಯಾಪ್ತಿಗೆ ತಂದಿತು. ಭಾರತ ಮುಂದೆ ಎರಡೂ ದಾರಿಗಳಿಂದ ಕಡ ತಂದಿತು. ಆದರೆ ಖಾಸಗಿ ಮಾಲೀಕರ ವಿಷಯದಲ್ಲಿ ಮಾತ್ರ ಹಿಡಿತ ಬಿಗಿ ಮಾಡಲಿಲ್ಲ.

1995ರ ಕಾಯಿದೆ

1992ರ ಡಿಸೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ಸೇರಿದ್ದ ಏಷ್ಯಾ-ಪೆಸಿಫಿಕ್ ದೇಶಗಳ ಸಭೆ ಅಂಗವಿಕಲರ ಪೂರ್ಣ ಸಹಭಾಗಿತ್ವ ಮತ್ತು ಸಮಾನತೆಯ ಘೋಷಣೆ ಹೊರಡಿಸಿತು. ಅದಕ್ಕೆ ಸಹಿ ಹಾಕಿದ ಭಾರತ ಕಾನೂನು ಮಾಡುವ ಹೊಣೆ ಹೊತ್ತುಕೊಂಡಿತು. ಹೊಣೆ ಹೊತ್ತ ಮಾತ್ರಕ್ಕೆ ಕೆಲಸ ಆಗಲಿಲ್ಲ. ಅಂಗವಿಕಲರ ಹಕ್ಕುಗಳ ಹೋರಾಟಗಾರ ಜಾವೇದ್ ಅಬಿದಿ ಮುಂತಾದವರು ಗಾಲಿಕುರ್ಚಿ, ಊರುಗೋಲುಗಳೊಂದಿಗೆ ದೆಹಲಿಯ ಬೀದಿಗಿಳಿದು ಒತ್ತಾಯಿಸಿದ ಮೇಲೆ, 1995ರ ಡಿಸೆಂಬರ್‌ನಲ್ಲಿ ಸಂಸತ್ತು ಮಸೂದೆಗೆ ಒಪ್ಪಿಗೆ ಕೊಟ್ಟಿತು. 1996ರ ಫೆಬ್ರುವರಿ 7ರಂದು ಅದು ಜಾರಿಗೆ ಬಂತು. ಏಳು ಬಗೆಯ ಅಂಗವೈಕಲ್ಯಗಳನ್ನು ಅದು ಗುರುತಿಸಿತು. ಕನಿಷ್ಠ ಶೇ 40ರಷ್ಟು ಅಂಗವೈಕಲ್ಯ ಇರಬೇಕೆಂದು ಗೆರೆ ಎಳೆಯಿತು. ಸರ್ಕಾರಿ ಹುದ್ದೆಗಳಲ್ಲಿ ಶೇ 3ರ ಮೀಸಲಾತಿಗೆ ಶಾಸನದ ಬಲ ಕೊಟ್ಟಿತು.

ಆ ಕಾಯಿದೆಯ ಅತ್ಯಂತ ಗಟ್ಟಿಯಾದ ಭಾಗ ಮೀಸಲಾತಿಯಲ್ಲ, 47ನೆಯ ಸೆಕ್ಷನ್. ನೌಕರಿಯಲ್ಲಿದ್ದಾಗ ಅಂಗವೈಕಲ್ಯಕ್ಕೆ ಒಳಗಾದವರನ್ನು ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯಲ್ಲಿ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಖಾಲಿ ಇಲ್ಲವೆಂದರೆ, ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಸಂಖ್ಯಾತಿರಿಕ್ತ ಹುದ್ದೆಯೊಂದರಲ್ಲಿ ಇರಿಸಿಕೊಳ್ಳಬೇಕು. ಲೈನ್‌ಮನ್, ಬಸ್ ಚಾಲಕ, ಪೊಲೀಸ್ ಪೇದೆ ಹೀಗೆ ದೇಹಶ್ರಮವನ್ನೇ ನಂಬಿದ ನೌಕರರ ಕುಟುಂಬಗಳಿಗೆ ಈ ಒಂದು ಸೆಕ್ಷನ್ ಆಸರೆಯಾಯಿತು.

ಇದಕ್ಕೆ ಹಿಂದೆಯೇ, 1994ರಲ್ಲಿ, ಹರಿಯಾಣದ ವಿದ್ಯುತ್ ಮಂಡಳಿಯ ನೌಕರ ನರೇಂದ್ರ ಕುಮಾರ್ ಚಾಂಡ್ಲಾ ಅವರ ಪ್ರಕರಣ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಗೆಡ್ಡೆಯಿಂದಾಗಿ ಬಲಗೈ ಕಳೆದುಕೊಂಡ ಅವರನ್ನು ಕಡಿಮೆ ಸಂಬಳದ ಗುಮಾಸ್ತ ಹುದ್ದೆಗೆ ಇಳಿಸಲಾಗಿತ್ತು. ಬದುಕುವ ಹಕ್ಕಿನ 21ನೆಯ ವಿಧಿಯನ್ನು ನೆನಪಿಸಿ ನ್ಯಾಯಾಲಯ ಹಳೆಯ ವೇತನವನ್ನು ಉಳಿಸಿಕೊಟ್ಟಿತು. 47ನೆಯ ಸೆಕ್ಷನ್ ಏನೆಂಬುದು ಪೂರ್ತಿ ತಿಳಿದದ್ದು 2003ರ ಕುನಾಲ್ ಸಿಂಗ್ ಪ್ರಕರಣದಲ್ಲಿ. ಸ್ಪೆಷಲ್ ಸರ್ವಿಸ್ ಬ್ಯೂರೋದ ಈ ಕಾನ್‌ಸ್ಟೆಬಲ್‌ಗೆ ಕರ್ತವ್ಯದಲ್ಲಿದ್ದಾಗ ಎಡಗಾಲಿಗೆ ಪೆಟ್ಟಾಯಿತು. ಗಾಯ ಕೊಳೆತು ಕಾಲನ್ನೇ ಕತ್ತರಿಸಬೇಕಾಯಿತು. ವೈದ್ಯಕೀಯ ಮಂಡಳಿ ಅಸಮರ್ಥರೆಂದಿತು, ಇಲಾಖೆ ಮನೆಗೆ ಕಳಿಸಿತು. ಪಿಂಚಣಿ ಕೊಟ್ಟಿದ್ದೇವಲ್ಲ ಎಂಬುದು ಸರ್ಕಾರದ ವಾದ. ಪಿಂಚಣಿ ನೌಕರಿಗೆ ಬದಲಿಯಾಗದು, ಈ ಸೆಕ್ಷನ್ನಿನ ಆಜ್ಞೆಯಿಂದ ಮಾಲೀಕ ನುಣುಚಿಕೊಳ್ಳುವಂತಿಲ್ಲ ಎಂಬುದು ತೀರ್ಪಿನ ತಿರುಳು. ಅಂಗವೈಕಲ್ಯಕ್ಕೆ ಒಳಗಾದ ನೌಕರನ ಮೇಲೆ ಅವಲಂಬಿತರೂ ಇರುತ್ತಾರೆ, ಕೆಲಸ ಹೋದರೆ ಅವರೂ ಕಷ್ಟಕ್ಕೆ ಬೀಳುತ್ತಾರೆ ಎಂಬುದನ್ನು ನ್ಯಾಯಾಲಯ ಮನಗಂಡಿತು.

ಹುದ್ದೆ ಗುರುತಿಸುವ ತೊಡಕು

ಹೊಸದಾಗಿ ನೌಕರಿಗೆ ಬರುವವರ ಪಾಡು ಇಷ್ಟು ಸಲೀಸಾಗಿರಲಿಲ್ಲ. ಅಂಗವಿಕಲರಿಗೆ ಯಾವ ಹುದ್ದೆ ಹೊಂದುತ್ತದೆ ಎಂಬುದನ್ನು ಇಲಾಖೆಗಳು ಮೊದಲು ಗುರುತಿಸಬೇಕಿತ್ತು. ಗುರುತಿಸದಿದ್ದರೆ ಹುದ್ದೆಯೇ ಇಲ್ಲ, ಹುದ್ದೆ ಇಲ್ಲದಿದ್ದರೆ ಮೀಸಲಾತಿಯೂ ಇಲ್ಲ. ಇಲಾಖೆಗಳು ವರ್ಷಗಟ್ಟಲೆ ಸುಮ್ಮನಿದ್ದವು, ಆ ಮೌನಕ್ಕೆ ಒಂದು ಪೀಳಿಗೆಯ ಪದವೀಧರರು ಬೆಲೆ ತೆತ್ತರು. 2006ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ಆಯ್ಕೆಯ ಅರ್ಹತೆ ಪಡೆದಿದ್ದ ದೃಷ್ಟಿಹೀನ ಅಭ್ಯರ್ಥಿ ರವಿ ಪ್ರಕಾಶ್ ಗುಪ್ತಾ ಅವರಿಗೆ ಹುದ್ದೆ ಸಿಗಲಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಡುತ್ತ, ಗುರುತಿಸುವ ಕೆಲಸ ತಡವಾಯಿತೆಂದು ಮೀಸಲಾತಿಯನ್ನು ಮುಂದೂಡುವಂತಿಲ್ಲ, ಕಾಯಿದೆ ಜಾರಿಯಾದ ದಿನದಿಂದಲೇ ಹಕ್ಕು ಹುಟ್ಟಿದೆ ಎಂದಿತು. 2013ರ ಅಕ್ಟೋಬರ್ 8ರಂದು ರಾಷ್ಟ್ರೀಯ ಅಂಧರ ಒಕ್ಕೂಟದ ಪ್ರಕರಣದಲ್ಲಿ ಇನ್ನೂ ಒಂದು ಬಾಗಿಲು ತೆರೆಯಿತು. ಶೇ 3ನ್ನು ಲೆಕ್ಕ ಹಾಕಬೇಕಾದ್ದು ಗುರುತಿಸಿದ ಹುದ್ದೆಗಳ ಮೇಲಲ್ಲ, ವೃಂದದ ಒಟ್ಟು ಖಾಲಿ ಹುದ್ದೆಗಳ ಮೇಲೆ ಎಂದು ತೀರ್ಮಾನವಾಯಿತು. ಇದೇ ಒಕ್ಕೂಟ ಹೂಡಿದ್ದ ಮೊಕದ್ದಮೆಯಲ್ಲಿ 1993ರಲ್ಲಿ ಬಂದ ತೀರ್ಪಿನಿಂದಲೇ ಅಂಧರು ನಾಗರಿಕ ಸೇವಾ ಪರೀಕ್ಷೆಯನ್ನು ಬ್ರೈಲ್‌ನಲ್ಲಿ ಅಥವಾ ಲಿಪಿಕಾರರ ನೆರವಿನಿಂದ ಬರೆಯುವಂತಾಗಿತ್ತು.

ಬಡ್ತಿಯ ಪ್ರಶ್ನೆ ಇತ್ಯರ್ಥವಾದದ್ದು ಕರ್ನಾಟಕದಿಂದ ಹೋದ ಪ್ರಕರಣದಲ್ಲಿ. ಪ್ರಸಾರ ಭಾರತಿಯ ಎಂಜಿನಿಯರುಗಳಿಗೆ ಸಂಬಂಧಿಸಿದ ರಾಜೀವ್ ಕುಮಾರ್ ಗುಪ್ತಾ ಪ್ರಕರಣದಲ್ಲಿ (2016) ಎ ಮತ್ತು ಬಿ ದರ್ಜೆಯ ಬಡ್ತಿಯಲ್ಲೂ ಮೀಸಲಾತಿ ಉಂಟೆಂದು ಸುಪ್ರೀಂ ಕೋರ್ಟ್ ಹೇಳಿತ್ತು. ಬಡ್ತಿಯಲ್ಲಿ ಮೀಸಲಾತಿ ಕೂಡದೆಂಬ ಇಂದ್ರಾ ಸಾಹ್ನಿ ತೀರ್ಪಿಗೆ ಇದು ಹೊಂದುವುದೇ ಎಂಬ ಅನುಮಾನ ಉಳಿದಿತ್ತು. ಸಿದ್ದರಾಜು ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಜನವರಿಯಲ್ಲಿ ಆ ಅನುಮಾನ ಪರಿಹರಿಸಿತು: ಹಿಂದುಳಿದ ವರ್ಗಗಳ ಕುರಿತ ಆ ನಿಯಮ ಅಂಗವಿಕಲರಿಗೆ ಅನ್ವಯಿಸುವುದಿಲ್ಲ. ಮರುವರ್ಷ ಕೇರಳದ ಲೀಸಮ್ಮ ಜೋಸೆಫ್ ಪ್ರಕರಣದಲ್ಲಿ, ಅನುಕಂಪದ ಆಧಾರದಲ್ಲಿ ನೌಕರಿಗೆ ಸೇರಿದವರಿಗೂ ಈ ಹಕ್ಕು ದಕ್ಕಿತು.

2016ರ ಕಾಯಿದೆ

ಭಾರತ 2007ರ ಅಕ್ಟೋಬರ್ 1ರಂದು ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅನುಮೋದಿಸಿತು. ಅದಕ್ಕೆ ತಕ್ಕ ಹೊಸ ಕಾಯಿದೆಯ ಕರಡನ್ನು ಸುಧಾ ಕೌಲ್ ಸಮಿತಿ 2011ರಲ್ಲಿ ಒಪ್ಪಿಸಿತು. ಮಸೂದೆ ಕಾಯಿದೆಯಾಗುವ ಹೊತ್ತಿಗೆ 2016ರ ಡಿಸೆಂಬರ್ ಬಂದಿತ್ತು. ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅಂಗವೈಕಲ್ಯಗಳ ಸಂಖ್ಯೆ 7ರಿಂದ 21ಕ್ಕೆ ಏರಿತು. ಆಸಿಡ್ ದಾಳಿಗೆ ತುತ್ತಾದವರು, ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್ ಕಾಯಿಲೆ ಇರುವವರು ಒಳಗೆ ಬಂದರು. ಮೀಸಲಾತಿ ಶೇ 4 ಆಯಿತು. ಹೆಚ್ಚಿದ ಆ ಶೇ 1 ಬೌದ್ಧಿಕ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮುಂತಾದವುಗಳಿಗೆ. ಕರ್ನಾಟಕ ತನ್ನ ಸಿ ಮತ್ತು ಡಿ ದರ್ಜೆಯ ಹುದ್ದೆಗಳಲ್ಲಿ ಶೇ 5ರಷ್ಟು ಮೀಸಲಿಡುತ್ತದೆ. ಹಳೆಯ 47ನೆಯ ಸೆಕ್ಷನ್ ಹೊಸ ಕಾಯಿದೆಯ 20ನೆಯ ಸೆಕ್ಷನ್ನಿನ ಒಳಗೆ ಮುಂದುವರಿಯಿತು.

ನಿಜಕ್ಕೂ ಹೊಸದಾಗಿದ್ದದ್ದು ಸಮಂಜಸ ಹೊಂದಾಣಿಕೆಯ ಹೊಣೆ. ಮಾಲೀಕನಿಗೆ ಮಿತಿಮೀರಿದ ಹೊರೆಯಾಗದಂತೆ, ಆ ವ್ಯಕ್ತಿಗೆ ಬೇಕಾದ ಬದಲಾವಣೆಯನ್ನು ಕೆಲಸದ ಜಾಗದಲ್ಲಿ ಮಾಡಿಕೊಡಬೇಕು. ಅಂಧ ನೌಕರನ ಕಂಪ್ಯೂಟರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶ, ಕಿವುಡರಿಗೆ ಸಭೆಯಲ್ಲಿ ಸಂಜ್ಞಾಭಾಷೆಯ ದುಭಾಷಿ, ಗಾಲಿಕುರ್ಚಿಯವರಿಗೆ ನೆಲಮಹಡಿಯಲ್ಲಿ ಮೇಜು ಇಂಥವು. ಇವನ್ನು ನಿರಾಕರಿಸಿದರೆ ಅದೇ ತಾರತಮ್ಯ. ಇಲ್ಲಿಂದ ಮುಂದೆ ಬದಲಾಗಬೇಕಾದ್ದು ನೌಕರನ ದೇಹವಲ್ಲ, ಕಚೇರಿ. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ಲಿಪಿಕಾರರನ್ನು ಕೊಡಬೇಕೆಂದ ಸುಪ್ರೀಂ ಕೋರ್ಟ್, ಈ ಅನುಕೂಲಕ್ಕೆ ಶೇ 40ರ ಗೆರೆ ಅಡ್ಡಬರದು ಎಂದು ಸ್ಪಷ್ಟಪಡಿಸಿತು. 2023ರಲ್ಲಿ ತಮಿಳುನಾಡಿನ ವಿದ್ಯುತ್ ನಿಗಮ, ಬಣ್ಣ ಗುರುತಿಸಲಾಗದವರೆಂಬ ಕಾರಣಕ್ಕೆ ಸಹಾಯಕ ಎಂಜಿನಿಯರ್ ಹುದ್ದೆ ನಿರಾಕರಿಸಿದ್ದ ಮೊಹಮ್ಮದ್ ಇಬ್ರಾಹಿಂ ಅವರಿಗೂ ನ್ಯಾಯ ಸಿಕ್ಕಿತು. ಬಣ್ಣಗುರುಡು 21ರ ಪಟ್ಟಿಯಲ್ಲಿ ಇಲ್ಲದಿದ್ದರೂ ಅವರಿಗೆ ಹೊಂದುವ ವಿಭಾಗದಲ್ಲಿ ಕೆಲಸ ಕೊಡಬೇಕೆಂದು ನ್ಯಾಯಾಲಯ ಆದೇಶಿಸಿತು.

ಖಾಸಗಿ ಕ್ಷೇತ್ರ

ಬಹುಪಾಲು ಉದ್ಯೋಗಗಳಿರುವ ಕಡೆಯೇ ಕಾಯಿದೆಯ ದನಿ ತಗ್ಗುತ್ತದೆ. 20ನೆಯ ಸೆಕ್ಷನ್ ಹೆಸರಿಸುವುದು ಸರ್ಕಾರಿ ಸಂಸ್ಥೆಗಳನ್ನು ಮಾತ್ರ. ಅಂಗವಿಕಲರ ಮೇಲೆ ತಾರತಮ್ಯ ಕೂಡದೆಂಬ 3ನೆಯ ಸೆಕ್ಷನ್ನಿನ ಮಾತು ಸಾರ್ವತ್ರಿಕವಾಗಿದ್ದರೂ, ನ್ಯಾಯಸಮ್ಮತ ಉದ್ದೇಶಕ್ಕೆ ತಕ್ಕ ಪ್ರಮಾಣದ ಕ್ರಮವೆಂದು ತೋರಿಸಿಕೊಟ್ಟರೆ ವಿನಾಯಿತಿಯುಂಟು. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 2017ರ ನಿಯಮಗಳ ಪ್ರಕಾರ 20 ಅಥವಾ ಹೆಚ್ಚು ನೌಕರರಿರುವಲ್ಲಿ ಆ ನೀತಿ ವಿವರವಾಗಿರಬೇಕು, ಸಂಪರ್ಕಾಧಿಕಾರಿಯೂ ಇರಬೇಕು. ಶೇ 5ರಷ್ಟು ಅಂಗವಿಕಲರನ್ನು ನೇಮಿಸಿಕೊಳ್ಳುವಂತೆ ಪ್ರೋತ್ಸಾಹಧನದ ಮಾತಿದೆ, ಕಡ್ಡಾಯವಿಲ್ಲ. ಮೊದಲ ಉಲ್ಲಂಘನೆಗೆ ದಂಡ ಗರಿಷ್ಠ 10,000 ರೂಪಾಯಿ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ. ದೊಡ್ಡ ಕಂಪನಿಯೊಂದಕ್ಕೆ ಮೊದಲ ದಂಡ ಲೆಕ್ಕಕ್ಕೇ ಬಾರದ ಮೊತ್ತ. ದೂರು ಹೊತ್ತು ಹೋಗಬೇಕಾದ್ದು ಅಂಗವಿಕಲರ ಆಯುಕ್ತರ ಬಳಿಗೆ. ಅವರ ಶಿಫಾರಸಿನ ಮೇಲೆ ಸಂಬಂಧಪಟ್ಟವರು ಮೂರು ತಿಂಗಳೊಳಗೆ ಕ್ರಮ ಕೈಗೊಳ್ಳಬೇಕು. ಬಾಲ್ಯದಲ್ಲಿ ಪೋಲಿಯೊದಿಂದ ಕೈಕಾಲುಗಳನ್ನು ಕಳೆದುಕೊಂಡಿದ್ದ, 2024ರಲ್ಲಿ ಪದ್ಮಶ್ರೀ ಪಡೆದ ಕೆ.ಎಸ್. ರಾಜಣ್ಣ ಕರ್ನಾಟಕದಲ್ಲಿ ಈ ಆಯುಕ್ತರ ಹುದ್ದೆಯಲ್ಲಿದ್ದವರು. ಎಚ್‌ಐವಿ ಸೋಂಕಿತರಿಗೆ ಸಂಬಂಧಿಸಿದ 2017ರ ಕಾಯಿದೆ ಖಾಸಗಿ ಮಾಲೀಕರನ್ನೂ ನೇರವಾಗಿ ನಿರ್ಬಂಧಿಸುತ್ತದೆ. ಹಾಗೆ ಬರೆಯುವುದು ಸಾಧ್ಯವಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಇತ್ತೀಚಿನ ತೀರ್ಪುಗಳು

ಮಾನಸಿಕ ಅಸ್ವಸ್ಥತೆಯ ವಿಷಯದಲ್ಲಿ ನ್ಯಾಯಾಲಯಗಳು ತಡವಾಗಿ ಎಚ್ಚೆತ್ತವು. ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿ ರವೀಂದರ್ ಕುಮಾರ್ ಧಾರಿವಾಲ್ ಖಿನ್ನತೆ ಮತ್ತು ಗೀಳಿನ ಕಾಯಿಲೆಯಿಂದ ಬಳಲುತ್ತಿದ್ದಾಗ ಅವರ ವರ್ತನೆಯ ಮೇಲೆ ಇಲಾಖಾ ವಿಚಾರಣೆ ನಡೆಯಿತು. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ದುರ್ವರ್ತನೆಗೆ ಅಂಗವೈಕಲ್ಯವೊಂದೇ ಕಾರಣವೆಂದು ನೌಕರ ಸಾಬೀತು ಮಾಡಬೇಕಿಲ್ಲ, ಅದು ಕಾರಣಗಳಲ್ಲಿ ಒಂದಾಗಿದ್ದರೂ ಸಾಕು ಎಂದಿತು. ಶಸ್ತ್ರಪಡೆಗಳಿಗೆ ವಿನಾಯಿತಿ ಕೊಡುವ ಅಧಿಕಾರ ಮಾತ್ರ ಸರ್ಕಾರದ ಬಳಿಯೇ ಉಳಿದಿದೆ.

ನ್ಯಾಯಾಂಗ ತನ್ನ ಮನೆಯೊಳಗಿನ ಬಾಗಿಲನ್ನು ತೆರೆದದ್ದು ಇನ್ನೂ ಈಚೆಗೆ. ತಮಿಳುನಾಡಿನ ಸಿವಿಲ್ ನ್ಯಾಯಾಧೀಶ ಹುದ್ದೆಗೆ ಅಂಧತ್ವದ ಪ್ರಮಾಣ ಶೇ 50 ಮೀರಬಾರದೆಂಬ ನಿರ್ಬಂಧವನ್ನು 2019ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಸಮಂಜಸ ಹೊಂದಾಣಿಕೆಯ ತತ್ವವನ್ನು ಆ ತೀರ್ಪು ಗಮನಿಸಲಿಲ್ಲವೆಂದು ಎರಡೇ ವರ್ಷದಲ್ಲಿ ವಿಕಾಸ್ ಕುಮಾರ್ ತೀರ್ಪು ಟೀಕಿಸಿತು. ದೃಷ್ಟಿಹೀನರನ್ನು ನ್ಯಾಯಾಂಗ ಸೇವೆಯಿಂದ ಹೊರಗಿಡುತ್ತಿದ್ದ ಮಧ್ಯಪ್ರದೇಶದ ನಿಯಮದ ವಿರುದ್ಧ ಅಂಥ ಅಭ್ಯರ್ಥಿಯೊಬ್ಬರ ತಾಯಿ ಬರೆದ ಪತ್ರವನ್ನೇ ನ್ಯಾಯಾಲಯ ಅರ್ಜಿಯಾಗಿ ಸ್ವೀಕರಿಸಿತು. 2025ರ ಮಾರ್ಚ್ 3ರಂದು ಆ ನಿಯಮ ಬಿದ್ದುಹೋಯಿತು. ಅಂಗವೈಕಲ್ಯವೊಂದನ್ನೇ ಕಾರಣವಾಗಿಟ್ಟು ಯಾರನ್ನೂ ನ್ಯಾಯಾಂಗ ಸೇವೆಯ ಆಯ್ಕೆಯಿಂದ ಹೊರಗಿಡುವಂತಿಲ್ಲ ಎಂದು ಪೀಠ ತೀರ್ಪಿತ್ತಿತು.