ಪರಮಾಣುವಿನ ಒಳಹೊಕ್ಕವರು

ಹತ್ತೊಂಬತ್ತನೆಯ ಶತಮಾನ ಮುಗಿಯುತ್ತ ಬಂದರೂ ಪರಮಾಣುವನ್ನು ಒಡೆಯಲಾಗದು ಎಂಬ ನಂಬಿಕೆಯೇ ಬಲವಾಗಿತ್ತು. ಅದನ್ನು 1897ರಲ್ಲಿ ಅಲುಗಿಸಿದವರು ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದ ಜೆ. ಜೆ. ಥಾಮ್ಸನ್. ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಹರಿಯುವ ಕ್ಯಾಥೋಡ್ ಕಿರಣವೆಂದರೆ ಋಣ ವಿದ್ಯುತ್ತನ್ನು ಹೊತ್ತ ಕಣಗಳ ಪ್ರವಾಹ, ಆ ಕಣಗಳು ಅತಿ ಹಗುರ ಪರಮಾಣುವಿಗಿಂತಲೂ ಎಷ್ಟೋ ಹಗುರ ಎಂದು ಅವರು ತೋರಿಸಿಕೊಟ್ಟರು. ಅವೇ ಎಲೆಕ್ಟ್ರಾನುಗಳು. ಧನ ವಿದ್ಯುತ್ತು ಪರಮಾಣುವಿನ ತುಂಬ ಹರಡಿದೆ, ಎಲೆಕ್ಟ್ರಾನುಗಳು ಅದರೊಳಗೆ ಹುದುಗಿವೆ ಎಂದು ಥಾಮ್ಸನ್ ಊಹಿಸಿದರು.

ಆ ಊಹೆಯನ್ನು ಕೆಡವಿದವರು ಅವರ ಶಿಷ್ಯರೇ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಅರ್ನೆಸ್ಟ್ ರುದರ್‌ಫರ್ಡ್ 1907ರಲ್ಲಿ ಮ್ಯಾಂಚೆಸ್ಟರಿಗೆ ಪ್ರಾಧ್ಯಾಪಕರಾಗಿ ಬಂದರು. 1909ರಲ್ಲಿ ಅವರ ಸೂಚನೆಯಂತೆ ಹ್ಯಾನ್ಸ್ ಗೈಗರ್ ಮತ್ತು ಇನ್ನೂ ವಿದ್ಯಾರ್ಥಿಯಾಗಿದ್ದ ಅರ್ನೆಸ್ಟ್ ಮಾರ್ಸ್‌ಡೆನ್ ಲೋಹದ ತೆಳು ರೇಕುಗಳತ್ತ ಆಲ್ಫಾ ಕಣಗಳನ್ನು ಹಾಯಿಸಿದರು. ಕತ್ತಲ ಕೋಣೆಯಲ್ಲಿ ಕಣ್ಣು ಪಳಗುವವರೆಗೆ ಕಾದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರಬೇಕು. ಸತುವಿನ ಸಲ್ಫೈಡ್ ಬಳಿದ ಪರದೆಗೆ ಕಣವೊಂದು ಬಡಿದಾಗ ಕ್ಷಣಮಾತ್ರ ಮಿಣುಕೊಂದು ಕಾಣುವುದು. ಅಂಥ ಮಿಣುಕುಗಳನ್ನು ಒಂದೊಂದಾಗಿ ಎಣಿಸಬೇಕು. ಹೆಚ್ಚಿನ ಕಣಗಳು ಲೋಹದೊಳಗೆ ಸಲೀಸಾಗಿ ಸಾಗಿದವು. ಆದರೆ ಸುಮಾರು 8000ಕ್ಕೆ ಒಂದು, ಬಂದ ದಿಕ್ಕಿಗೇ ತಿರುಗಿ ಬಂತು.

ಆ ಒಂದನ್ನು ಪ್ರಯೋಗದ ದೋಷವೆಂದು ರುದರ್‌ಫರ್ಡ್ ಬದಿಗೊತ್ತಲಿಲ್ಲ. ಎರಡು ವರ್ಷ ಅದನ್ನೇ ಚಿಂತಿಸಿ, 1911ರಲ್ಲಿ ತೀರ್ಮಾನ ಪ್ರಕಟಿಸಿದರು: ಪರಮಾಣುವಿನ ಹೆಚ್ಚುಕಡಿಮೆ ಎಲ್ಲ ದ್ರವ್ಯರಾಶಿಯೂ ನಡುವಿನ ಅತಿ ಪುಟ್ಟ ನ್ಯೂಕ್ಲಿಯಸ್ಸಿನಲ್ಲಿ ಅಡಗಿದೆ. ಅದರ ಅಗಲ ಪರಮಾಣುವಿನ ಹತ್ತು ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ಉಳಿದುದೆಲ್ಲ ಎಲೆಕ್ಟ್ರಾನುಗಳ ವಿಹಾರಕ್ಕೆ ಬಿಟ್ಟ ಬಯಲು. ಸುತ್ತುವ ಎಲೆಕ್ಟ್ರಾನು ಶಕ್ತಿ ಕಳೆದುಕೊಂಡು ಒಳಗೆ ಬೀಳಬೇಕಲ್ಲವೇ ಎಂಬ ಪ್ರಶ್ನೆಗೆ 1913ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬೋರ್ ನಿಗದಿತ ಕಕ್ಷೆಗಳ ಉತ್ತರ ಕೊಟ್ಟರು. ಅದೇ ವರ್ಷ ಹೆನ್ರಿ ಮೋಸ್ಲಿ ಎಕ್ಸ್-ಕಿರಣಗಳ ಅಳತೆಯಿಂದ, ಧಾತುವಿನ ಕ್ರಮಸಂಖ್ಯೆಯೆಂದರೆ ಅದರ ನ್ಯೂಕ್ಲಿಯಸ್ಸಿನ ವಿದ್ಯುತ್ತಿನ ಲೆಕ್ಕವೇ ಎಂಬುದಕ್ಕೆ ಆಧಾರ ಒದಗಿಸಿದರು.

ಅಷ್ಟರಲ್ಲಿ ಮಹಾಯುದ್ಧ ಬಂದೆರಗಿತು. ಒಂದೇ ಕೋಣೆಯಲ್ಲಿ ಮಿಣುಕು ಎಣಿಸಿದ ಗೈಗರ್ ಮತ್ತು ಮಾರ್ಸ್‌ಡೆನ್ ಶತ್ರು ಸೈನ್ಯಗಳ ಪಾಲಾದರು. ಇಪ್ಪತ್ತೇಳರ ಮೋಸ್ಲಿ 1915ರಲ್ಲಿ ಗಲಿಪೊಲಿಯಲ್ಲಿ ಮಡಿದರು. ಗೈಗರರ ಬಳಿ ಸಂಶೋಧನೆಗೆಂದು ಬರ್ಲಿನ್ನಿಗೆ ಹೋಗಿದ್ದ ಜೇಮ್ಸ್ ಚಾಡ್ವಿಕ್ ಅಲ್ಲಿಯೇ ಸೆರೆಶಿಬಿರದಲ್ಲಿ ದಿನ ಕಳೆದರು. ಮೋಸ್ಲಿಯಂಥ ಪ್ರತಿಭೆಯನ್ನು ಕಂದಕಕ್ಕೆ ಬಲಿಕೊಟ್ಟದ್ದು ವಿಜ್ಞಾನಕ್ಕಾದ ಮಹಾನಷ್ಟ.

ಆದರೂ ಕೆಲಸ ನಿಲ್ಲಲಿಲ್ಲ. ನೈಟ್ರೋಜನ್ನಿಗೆ ಆಲ್ಫಾ ಕಣ ಬಡಿದಾಗ ಹೈಡ್ರೋಜನ್ ನ್ಯೂಕ್ಲಿಯಸ್ ಸಿಡಿದು ಹೊರಬರುವುದನ್ನು ರುದರ್‌ಫರ್ಡ್ 1919ರಲ್ಲಿ ಪ್ರಕಟಿಸಿದರು. ಮರುವರ್ಷ ಅದಕ್ಕೆ ಪ್ರೋಟಾನ್ ಎಂದು ಹೆಸರಿಟ್ಟರು. ವಿದ್ಯುತ್ತಿಲ್ಲದ ಮತ್ತೊಂದು ಕಣವೂ ನ್ಯೂಕ್ಲಿಯಸ್ಸಿನಲ್ಲಿ ಇರಬಹುದೆಂದು ಆಗಲೇ ನುಡಿದರು.

ಸೆರೆಯಿಂದ ಮರಳಿ ಗುರು ರುದರ್‌ಫರ್ಡರನ್ನು ಸೇರಿದ್ದ ಚಾಡ್ವಿಕ್ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕುತ್ತಲೇ ಇದ್ದರು. 1932ರ ಜನವರಿಯಲ್ಲಿ ಪ್ಯಾರಿಸ್ಸಿನ ಜೋಲಿಯೊ-ಕ್ಯೂರಿ ದಂಪತಿ ಬೆರಿಲಿಯಮ್ಮಿನಿಂದ ಹೊಮ್ಮಿದ ವಿಕಿರಣವು ಪ್ಯಾರಾಫಿನ್ ಮೇಣದಿಂದ ಪ್ರೋಟಾನುಗಳನ್ನು ಹೊರದೂಡುವುದನ್ನು ಕಂಡು, ಅದು ಗಾಮಾ ಕಿರಣವೆಂದು ಬಗೆದರು. ಚಾಡ್ವಿಕ್ ಪ್ರಯೋಗವನ್ನು ತಾವೇ ಮಾಡಿ ನೋಡಿ, ಕೆಲವೇ ವಾರಗಳಲ್ಲಿ ಅದು ನ್ಯೂಟ್ರಾನ್ ಎಂದು ಗುರುತಿಸಿದರು. ಎರಡೂ ಕಡೆ ಕಣ್ಣಿಗೆ ಬಿದ್ದದ್ದು ಒಂದೇ ವಿದ್ಯಮಾನ. ಅದರ ಗುರುತು ಹತ್ತಿದ್ದು, ಗುರು ಹೇಳಿದ್ದನ್ನು ಹನ್ನೆರಡು ವರ್ಷ ಮರೆಯದೆ ಕಾದಿದ್ದ ಶಿಷ್ಯನಿಗೆ.