ಅಜ್ಜಿಯ ಕಿರ್ಗಿ, ಅಮ್ಮನ ನೈಟಿ



ಕಳೆದ ಮೊಂತಿ ಹಬ್ಬದ ಹಿಂದಿನ ದಿನ ನಮ್ಮ ಮನೆಯಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಅಮ್ಮ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು. ಮೈಮೇಲೆ ಹೂವಿನ ಚಿತ್ತಾರದ ನೈಟಿ, ಹೆಗಲ ಮೇಲೆ ಬೈರಾಸು, ಮಡಿಲಲ್ಲಿ ತಡ್ಪೆ. ಮುಂಬೈಯಿಂದ ನೆಂಟರು ಬರುವವರಿದ್ದರು. ನಾನು, "ಅಮ್ಮಾ, ಒಳಗೆ ಹೋಗಿ ಒಂದು ಸೀರೆ ಉಟ್ಟು ಬನ್ನಿ, ಅವರು ಫೋಟೊ ತೆಗೆಯುತ್ತಾರೆ" ಎಂದೆ. ಅಮ್ಮ ಮಾತಾಡದೆ ಎದ್ದು ಹೋಗಿ ಸೀರೆ ಉಟ್ಟು ಬಂದರು. ಆ ಸಂಜೆಯಿಡೀ ಅವರು ಸರಿಯಾಗಿ ಮಾತಾಡಲಿಲ್ಲ.

ನೆಂಟರು ಹೋದ ಮೇಲೆ ಅಮ್ಮ ಟ್ರಂಕಿನಿಂದ ಒಂದು ಹಳೆಯ ಫೋಟೊ ತೆಗೆದು ನನ್ನ ಕೈಗೆ ಕೊಟ್ಟರು. ದೊಡ್ಡ ಮಾವನ ಮದುವೆಯ ಫೋಟೊ. ಕಪ್ಪು ಬಿಳುಪು. ಮದುಮಗಳು, ಮದುಮಗ, ಪಾದ್ರಿಗಳು, ಚಿಕ್ಕಮ್ಮಂದಿರು, ಬರಿಗಾಲಿನ ಮಕ್ಕಳು ಎಲ್ಲರೂ ಇದ್ದಾರೆ. ಮದುಮಗನ ತಾಯಿ, ಅಂದರೆ ನನ್ನ ಅಜ್ಜಿ, ಮಾತ್ರ ಇಲ್ಲ. "ಕಿರ್ಗಿ ಬಿಟ್ಟು ಸೀರೆ ಉಟ್ಟುಕೋ ಎಂದು ಮಾವ ಹೇಳಿದರು. ಅಜ್ಜಿ ಅಡುಗೆಮನೆಗೆ ಹೋದವರು ಫೋಟೊಗೆ ಬರಲೇ ಇಲ್ಲ" ಎಂದರು ಅಮ್ಮ. ಬೇರೇನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ನಾನು ಈ ಲೇಖನ ಬರೆಯಲು ಕೂತದ್ದು ಆ ಫೋಟೊದ ಕಾರಣದಿಂದ. ಹಬ್ಬದ ದಿನ ಉಡುವ ಸೀರೆ, ಮದುವೆಯ ಸಾಡೊ, ಇವುಗಳ ಬಗ್ಗೆ ಬರೆದವರು ಬಹಳ ಮಂದಿ. ತಾಯಂದಿರು ಸೋಮವಾರ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಏನು ಉಟ್ಟಿದ್ದರು ಎಂಬುದನ್ನು ಬರೆದವರು ಕಡಿಮೆ.

ಮೊದಲು ಕಿರ್ಗಿಯಿಂದಲೇ ಶುರು ಮಾಡೋಣ. ಮಂಜೇಶ್ವರ, ಬೇಳ, ಕಯ್ಯಾರು, ವರ್ಕಾಡಿ ಕಡೆಯ ನಮ್ಮ ಹಿರಿಯರು ಗೋವೆಯಿಂದ ಬಂದವರು ಎಂಬುದು ನಮಗೆಲ್ಲ ಗೊತ್ತು. ಕಿರ್ಗಿ ಎಂದರೆ ಸೊಂಟಕ್ಕೆ ಸುತ್ತಿ ಸಿಕ್ಕಿಸುವ ಬಟ್ಟೆ, ಬಾಜು ಎಂದರೆ ಅದರ ಮೇಲೆ ತೊಡುವ ಸಡಿಲ ರವಿಕೆ. ಗೋವೆಯಲ್ಲಿ ಇದರ ಅಕ್ಕನಂತಿರುವ ಉಡುಗೆಗೆ ಪಾನೊ-ಬಾಜು ಎನ್ನುತ್ತಾರೆ. ಅದು ಈಗ ಮಾಂಡೊ ಹಾಡುವಾಗ ವೇದಿಕೆಯ ಮೇಲೆ ಮಾತ್ರ ಕಾಣಿಸುತ್ತದೆ. 'ಬಾಜು' ಎಂಬ ಶಬ್ದ ನಮ್ಮದೆಂದೇ ನಾನು ತಿಳಿದಿದ್ದೆ. ಮಲಯ ದೇಶದವರೂ ಮೈಮೇಲಿನ ಅಂಗಿಗೆ ಬಾಜು ಎನ್ನುತ್ತಾರೆ! ಪೋರ್ಚುಗೀಸರ ಹಡಗುಗಳು ಮಲಾಕ್ಕಾಕ್ಕೂ ಗೋವೆಗೂ ಓಡಾಡುತ್ತಿದ್ದ ಕಾಲದ ನೆನಪು ಆ ಒಂದು ಶಬ್ದದಲ್ಲಿ ಉಳಿದಿದೆ. ನಮ್ಮ ಅಜ್ಜಿಯಂದಿರು ಕಾಸರಗೋಡು ದಾಟಿ ಹೋದವರಲ್ಲ, ಆದರೆ ಅವರ ರವಿಕೆಯ ಹೆಸರು ಸಮುದ್ರ ದಾಟಿ ಬಂದದ್ದು.

ಗೋವೆಯಲ್ಲಿ ಉಡುಗೆ ಬರೀ ಅಭಿರುಚಿಯ ವಿಷಯವಾಗಿರಲಿಲ್ಲ. 1736ರಲ್ಲಿ ಅಲ್ಲಿನ ಇನ್‌ಕ್ವಿಸಿಷನ್ ಒಂದು ದೊಡ್ಡ ಆಜ್ಞೆ ಹೊರಡಿಸಿತು. ಕ್ರೈಸ್ತರಾದವರು ಹಳೆಯ ಪದ್ಧತಿಗಳನ್ನು ಬಿಡಬೇಕೆಂದು ಅದರಲ್ಲಿ ಪಟ್ಟಿಯೇ ಇತ್ತು. ಗಂಡಸರು ಪುಡ್ವೆಂ, ಅಂದರೆ ಧೋತರ, ಉಡಬಾರದು. ಹೆಂಗಸರು ಚೋಳಿ ತೊಡಬಾರದು. ಮದುವೆಯ ಹಾಡು, ವೀಳ್ಯದೆಲೆ ಹಂಚುವುದಕ್ಕೂ ನಿಷೇಧ. ನಮ್ಮದೇ ಧರ್ಮಸಭೆಯ ಹೆಸರಿನಲ್ಲಿ ನಡೆದದ್ದು ಇದು. ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಈಗ ತೆಂಕಣಕ್ಕೆ ಬನ್ನಿ. ತಿರುವಾಂಕೂರಿನಲ್ಲಿ ಕಥೆ ಪೂರ್ತಿ ತಿರುಗುಮುರುಗು. ಅಲ್ಲಿ ಕೆಳಗಿನವರು ಎನಿಸಿಕೊಂಡ ಜಾತಿಗಳ ಹೆಂಗಸರು ಎದೆಯ ಮೇಲೆ ಬಟ್ಟೆ ಹಾಕುವಂತಿರಲಿಲ್ಲ. ಹಾಕಿದರೆ ಮೇಲಿನವರಿಗೆ ಅವಮಾನ ಮಾಡಿದಂತೆ. ನಾಗರಕೋಯಿಲ್ ಕಡೆಯ ನಾಡಾರ್ ಹೆಂಗಸರು ಲಂಡನ್ ಮಿಷನ್ನಿನವರ ಮೂಲಕ ಕ್ರೈಸ್ತರಾದಾಗ ರವಿಕೆ ತೊಡಲು ಶುರು ಮಾಡಿದರು. ಕುಪ್ಪಾಯ ಎಂಬ ಸಡಿಲ ಅಂಗಿ ತೊಡಲು ಅವರಿಗೆ ಅನುಮತಿ ಸಿಕ್ಕಿತು. ಆದರೆ ಆ ತಾಯಂದಿರಿಗೆ ಅಷ್ಟು ಸಾಕಾಗಲಿಲ್ಲ. ಮೇಲ್ಜಾತಿಯ ಹೆಂಗಸರು ಹಾಕುವಂತೆ ಹೆಗಲ ಮೇಲೆ ಮೇಲ್ವಸ್ತ್ರವೂ ಬೇಕು ಎಂದರು. 1829ರಲ್ಲಿ ಅರಸರ ಆಜ್ಞೆ ಅದು ಕೂಡದು ಎಂದಿತು. ಅವರು ಬಿಡಲಿಲ್ಲ. ಸಂತೆಯಲ್ಲಿ ಅವರ ಬಟ್ಟೆ ಹರಿದರು, ಮನೆಗಳಿಗೆ, ಪ್ರಾರ್ಥನಾ ಮಂದಿರಗಳಿಗೆ ಬೆಂಕಿಯಿಟ್ಟರು. ಕೊನೆಗೆ 1859ರ ಜುಲೈ 26ರಂದು ಉತ್ರಂ ತಿರುನಾಳ್ ಮಹಾರಾಜರು ನಾಡಾರ್ ಹೆಂಗಸರೆಲ್ಲ ಮೈ ಮುಚ್ಚಿಕೊಳ್ಳಬಹುದು ಎಂದು ಘೋಷಿಸಿದರು. ಅದರಲ್ಲೂ ಒಂದು ಬಾಲ ಇತ್ತು: ಮೇಲ್ಜಾತಿಯವರು ಉಡುವ ರೀತಿಯಲ್ಲಿ ಮಾತ್ರ ಉಡಬಾರದು.

ಒಂದು ಗಜ ಬಟ್ಟೆಗಾಗಿ ಮೂವತ್ತು ನಲವತ್ತು ವರ್ಷ ಹೊಡೆತ ತಿಂದ ತಾಯಂದಿರು ಅವರು. ನಾವು ಕಾಸರಗೋಡಿನವರು ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದೆವು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೆ ಈ ಚರಿತ್ರೆಯೂ ನಮ್ಮ ಶಾಲೆಯ ಪಾಠವಾಯಿತು. ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತಿದ್ದೆ.

ನಮ್ಮ ಜಿಲ್ಲೆಯೊಳಗೇ ಎಷ್ಟು ಬಗೆ ನೋಡಿ. ಮಂಜೇಶ್ವರದಿಂದ ಬಸ್ಸು ಹತ್ತಿ ಬೆಟ್ಟದ ಕಡೆ ರಾಜಪುರಕ್ಕೆ ಹೋದರೆ, 1943ರಲ್ಲಿ ತಿರುವಾಂಕೂರಿನಿಂದ ಕಾಡು ಕಡಿದು ಬೇಸಾಯ ಮಾಡಲು ಬಂದ ಕ್ನಾನಾಯ ಕುಟುಂಬಗಳಿವೆ. ಅಲ್ಲಿನ ಅಮ್ಮಚ್ಚಿಯರ ಉಡುಗೆ ಚಟ್ಟ-ಮುಂಡು. ಪೂರ್ತಿ ಬಿಳಿ. ಮುಂಡಿನ ನೆರಿಗೆಗಳನ್ನು ಬೀಸಣಿಗೆಯಂತೆ ಮಡಚಿ ಹಿಂದೆ ಬಿಡುತ್ತಾರೆ. ಚಟ್ಟ ಎಂದರೆ ಕುತ್ತಿಗೆ ಕೆಳಗೆ ಕೋನವಾಗಿ ಇಳಿದ ಸಡಿಲ ರವಿಕೆ. ಕಿವಿಯ ಮೇಲಂಚಿನಲ್ಲಿ ಬಳೆಯಷ್ಟು ಅಗಲದ ಚಿನ್ನದ ಕುಣುಕ್ಕು. ಅದೇ ಬಿಳಿ ಬಟ್ಟೆಯಲ್ಲಿ ಮರಗೆಣಸು ನೆಟ್ಟು, ರಬ್ಬರ್ ತೋಟದ ಕೆಸರಲ್ಲಿ ನಡೆದವರು. ಅಷ್ಟು ಬಿಳಿ ಹೇಗೆ ಉಳಿಸಿದರು ಎಂಬುದು ನನಗೆ ಈಗಲೂ ಬಿಡಿಸಲಾಗದ ಒಗಟು. ಇನ್ನು ನಮ್ಮ ಪಕ್ಕದ ಮುಸ್ಲಿಂ ಮನೆಗಳ ಉಮ್ಮಂದಿರು ಬಣ್ಣದ ಅಂಚಿನ ಕಪ್ಪು ಕಾಚಿ ಉಟ್ಟು, ಮೇಲೆ ಕುಪ್ಪಾಯ, ತಲೆಗೆ ತಟ್ಟಂ ಹಾಕುತ್ತಿದ್ದರು. ಒಂದೇ ಬಸ್ಸಿನಲ್ಲಿ ಈ ಮೂವರೂ ಕೂತರೆ ಯಾರು ಎಲ್ಲಿ ಇಳಿಯುತ್ತಾರೆಂದು ಕಂಡಕ್ಟರ್ ಕೇಳಬೇಕಾಗಿರಲಿಲ್ಲ.

ಗಡಿಯಾಚೆಯ ಬೇರೆ ಕನ್ನಡ ಊರುಗಳದ್ದೂ ಎರಡು ಮಾತು. ಅಕ್ಕಲಕೋಟೆ, ಜತ್ತ ಕಡೆಯ ತಾಯಂದಿರಿಗೆ ಇಳಕಲ್ ಸೀರೆಯೇ ದಿನದ ಸೀರೆ. ಮೈ ಹತ್ತಿ, ಸೆರಗು ರೇಷ್ಮೆ. ಎರಡರ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ. ಹೊಲದ ಕೆಲಸಕ್ಕೆ ಕಚ್ಚೆ ಹಾಕಿ ಉಡಲು ಎಂಟೊಂಬತ್ತು ಗಜ ಬೇಕು. ಕಚ್ಚೆ ಕಟ್ಟಿದವರಿಗೆ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವುದು, ಗೋಡೆ ಹತ್ತುವುದು ಯಾವುದೂ ಕಷ್ಟವಲ್ಲ. ನೀಲಗಿರಿಯ ಬಡಗ ತಾಯಂದಿರದ್ದು ಬಿಳಿ ಬಟ್ಟೆ. ಕಂಕುಳ ಕೆಳಗೆ ಸುತ್ತಿ ಕಟ್ಟಿ, ಮೇಲೊಂದು ಬಿಳಿ ಹೊದಿಕೆ, ತಲೆಗೊಂದು ವಸ್ತ್ರ. ಚಳಿಗೆ ಈಗ ಅದರ ಮೇಲೆ ಸ್ವೆಟರ್ ಸೇರಿಕೊಂಡಿದೆ.

ನಮ್ಮ ಕರಾವಳಿಯಲ್ಲಿ ಬಟ್ಟೆಯನ್ನೇ ಬದಲಿಸಿದವರು ಬಾಸೆಲ್ ಮಿಷನ್ನಿನವರು. 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾಗಿ ಮನೆಮಾರು, ಕೆಲಸ ಕಳೆದುಕೊಂಡವರಿಗೆ ದುಡಿಮೆ ಬೇಕೆಂದು ಮಗ್ಗ ಹಾಕಿದರು. 1851ರಲ್ಲಿ ಬಂದ ಹಾಲರ್ ಎಂಬ ನೇಯ್ಗೆಯವರು ಹೊಸ ಬಗೆಯ ಮಗ್ಗ, ಗಟ್ಟಿ ಬಣ್ಣ ತಂದರು. ಮಂಗಳೂರಿನ ಖಾಕಿ ಬಟ್ಟೆ ಹೆಸರಾದದ್ದು ಆಗಲೇ. ಕಣ್ಣೂರು, ಕೋಝಿಕ್ಕೋಡಿನಲ್ಲೂ ಅವರ ನೇಯ್ಗೆ ಕಾರ್ಖಾನೆಗಳು ಎದ್ದವು. ತೊಳೆದರೂ ಬಣ್ಣ ಬಿಡದ ಬಟ್ಟೆ ಎಂಬುದು ಬಡ ತಾಯಿಗೆ ಸಣ್ಣ ವಿಷಯವಲ್ಲ, ಅವಳ ಹತ್ತಿರ ಇರುತ್ತಿದ್ದದ್ದೇ ಎರಡು. ಕಾಸರಗೋಡು ಸೀರೆ ಎಂದು ಇವತ್ತು ಭೌಗೋಳಿಕ ಗುರುತು ಪಡೆದಿರುವ, ನಮ್ಮೂರ ಶಾಲಿಯರು ನೇಯುವ ಹತ್ತಿ ಸೀರೆಗೂ ಇರುವ ಹೆಸರು ಅದೇ: ಬಣ್ಣ ಹೋಗುವುದಿಲ್ಲ.

ಹಾಗಾದರೆ ಮಾವ ಅಜ್ಜಿಗೆ ಉಡು ಎಂದ ಆ ಸೀರೆ, ಒಳಲಂಗ, ಹೊಂದುವ ರವಿಕೆ, ಮುಂದೆ ನೆರಿಗೆ, ಎಡ ಹೆಗಲ ಮೇಲೆ ಸೆರಗು, ಅದು ಎಷ್ಟು ಹಳೆಯದು? ನಾವು ಅನಾದಿಯಿಂದ ಬಂದದ್ದು ಎಂದುಕೊಳ್ಳುತ್ತೇವೆ. ಅದು ಊರೂರಿಗೆ ಹರಡಿದ್ದು ಕಳೆದ ನೂರೈವತ್ತು ವರ್ಷಗಳಲ್ಲಿ. ಠಾಕೂರರ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಮುಂಬೈಯಲ್ಲಿದ್ದಾಗ ಪಾರ್ಸಿ ಹೆಂಗಸರನ್ನು ನೋಡಿ ರವಿಕೆ, ಒಳಲಂಗದ ಜೊತೆ ಸೀರೆ ಉಡುವ ಒಂದು ರೀತಿ ಕಲಿತು ಕೋಲ್ಕತ್ತಕ್ಕೆ ಒಯ್ದರು. ಇಂಥ ರೀತಿಗಳು ರೈಲು, ಶಾಲೆ, ಟೀಚರುಗಳ ಮೂಲಕ ಹಬ್ಬಿ, ಆಮೇಲೆ ಸಿನಿಮಾ ಬಂದು ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಿತು. ಅಂದರೆ ಮಾವನಿಗೆ ಸಂಪ್ರದಾಯವಾಗಿ ಕಂಡ ಸೀರೆ ಅವತ್ತಿನ ಹೊಸ ಫ್ಯಾಶನ್ನು. ಹಳೆಯದು ಅಜ್ಜಿ ಉಟ್ಟಿದ್ದ ಕಿರ್ಗಿ!

ಇಗರ್ಜಿಯ ವಿಷಯಕ್ಕೂ ಬರಬೇಕು. 1917ರ ಧರ್ಮಸಭೆಯ ಕಾನೂನು ಹೆಂಗಸರು ಪೂಜೆಗೆ ಬರುವಾಗ ತಲೆ ಮುಚ್ಚಿರಬೇಕು ಎಂದಿತ್ತು. ಗೋವೆಯಲ್ಲಿ ಅದಕ್ಕಾಗಿ 'ಓಲ್' ಎಂಬ ದೊಡ್ಡ ಬಿಳಿ ಬಟ್ಟೆಯನ್ನೇ ಹೊದೆಯುತ್ತಿದ್ದರು. ನಮ್ಮಲ್ಲಿ ಸೆರಗು, ಸ್ವಲ್ಪ ಅನುಕೂಲಸ್ಥರಿಗೆ ಲೇಸಿನ ವೇಲ್. 1983ರ ಹೊಸ ಕಾನೂನಿನಲ್ಲಿ ಆ ಮಾತೇ ಇಲ್ಲ. ಆದರೂ ನಮ್ಮ ಅಮ್ಮಂದಿರು ಗಂಟೆ ಬಾರಿಸಿದ ಕೂಡಲೇ ಸೆರಗನ್ನು ತಲೆಗೆ ಎಳೆದುಕೊಳ್ಳುತ್ತಾರೆ. ಯಾರೂ ಹೇಳಿ ಮಾಡಿಸುವುದಲ್ಲ. ಕೈ ತಾನಾಗಿಯೇ ಹೋಗುತ್ತದೆ.

ಇನ್ನು ನೈಟಿ. ಗಲ್ಫ್ ಹಣ ಬರತೊಡಗಿದ ಕಾಲಕ್ಕೆ ನೈಲಾನ್ ಸೀರೆ, ಪೂನಂ ಸೀರೆಗಳು ಬಂದವು. ಹಗುರ, ಬೇಗ ಒಣಗುತ್ತದೆ, ಇಸ್ತ್ರಿ ಬೇಡ. ಆದರೆ ಒಲೆಯ ಕಿಡಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಅದರ ಹಿಂದೆಯೇ ಬಂದದ್ದು ಮ್ಯಾಕ್ಸಿ ಎಂದೂ ಕರೆಯುವ ಹತ್ತಿಯ ನೈಟಿ. ಹೆಸರು ರಾತ್ರಿಯದ್ದು, ದುಡಿಮೆ ಹಗಲಿನದು. ಬಾಣಂತಿಯರಿಗೆ ಮುಂದೆ ಜಿಪ್ ಇರುವುದರಿಂದ ಹಾಲುಣಿಸಲು ಸುಲಭ. ನಮ್ಮೂರಿನ ಸೆಕೆಗೆ ಗಾಳಿ ಆಡುತ್ತದೆ. ಬೀಡಿ ಕಟ್ಟುವವರಿಗೆ ತಡ್ಪೆ ಇಡಲು ಮಡಿಲು ಅಗಲವಾಗಿ ಸಿಗುತ್ತದೆ, ಸೆರಗು ಜಾರಿ ಹೊಗೆಸೊಪ್ಪಿನ ಪುಡಿಗೆ ಬೀಳುವುದಿಲ್ಲ. ಐದೂವರೆ ಮೀಟರಿನ ಬದಲು ಮೂರು ಚಿಲ್ಲರೆ ಮೀಟರ್ ಬಟ್ಟೆ ಸಾಕು. ಹೆಗಲಿಗೆ ಬೈರಾಸು ಹಾಕಿದರೆ ಅಂಗಡಿಗೂ ಆಯಿತು, ಹಾಲಿನ ಸೊಸೈಟಿಗೂ ಆಯಿತು. ಹಿಂದು, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲದೆ ಎಲ್ಲ ತಾಯಂದಿರೂ ತಾವಾಗಿಯೇ ಒಪ್ಪಿಕೊಂಡ ಉಡುಗೆ ನಮ್ಮ ಊರಿನಲ್ಲಿ ಇದೊಂದೇ ಇರಬೇಕು. ನಗೆಹನಿಗಳಲ್ಲಿ ಅದನ್ನು ಗೇಲಿ ಮಾಡುವವರು ಹೆಚ್ಚಾಗಿ ಅದನ್ನು ಹಾಕದವರು, ನನ್ನಂಥವರು.

ಗೇಲಿ ದಂಡದ ತನಕವೂ ಹೋಗುತ್ತದೆ. 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿ ಎಂಬ ಹಳ್ಳಿಯಲ್ಲಿ ಹಿರಿಯರು ಸೇರಿ, ಬೆಳಿಗ್ಗೆ ಏಳರಿಂದ ಸಂಜೆ ಏಳರ ತನಕ ಹೆಂಗಸರು ನೈಟಿ ಹಾಕಬಾರದು, ಹಾಕಿದರೆ 2000 ರೂಪಾಯಿ ದಂಡ ಎಂದು ಕಟ್ಟು ಮಾಡಿದರು. ಹಿಡಿದುಕೊಟ್ಟವರಿಗೆ ಬಹುಮಾನ ಬೇರೆ. ಅಧಿಕಾರಿಗಳು ಬಂದು ಅದನ್ನು ತಡೆಯಬೇಕಾಯಿತು. ನಮ್ಮ ಕೇರಳದಲ್ಲಿ ಟೀಚರುಗಳು ಸೀರೆಯನ್ನೇ ಉಡಬೇಕೆಂದು ಒತ್ತಾಯಿಸಬಾರದು ಎಂದು ಸರಕಾರ ಮತ್ತೆ ಆದೇಶ ಹೊರಡಿಸಿದ್ದು 2021ರ ನವೆಂಬರಿನಲ್ಲಿ. ಗೋವೆಯ 1736, ತಿರುವಾಂಕೂರಿನ 1829, ತೋಕಲಪಲ್ಲಿಯ 2018, ನಮ್ಮ ಜಗಲಿಯಲ್ಲಿ ನಾನು ಆಡಿದ ಮಾತು. ಒಂದೇ ಸಾಲಿನಲ್ಲಿ ಇಟ್ಟು ನೋಡಿದಾಗ ನನಗೆ ನಾಚಿಕೆಯಾಯಿತು.

ಅಮ್ಮನ ಹತ್ತಿರ ತಪ್ಪಾಯಿತು ಎಂದೆ. ಅವರು ಅದನ್ನು ದೊಡ್ಡದು ಮಾಡಲಿಲ್ಲ. ಅಜ್ಜಿ ದುಡ್ಡನ್ನು ಎಲ್ಲಿಡುತ್ತಿದ್ದರು ಎಂದು ಕೇಳಿದೆ. ಕಿರ್ಗಿಯ ಸೊಂಟದ ಮಡಿಕೆಯಲ್ಲಿ, ಎಲೆಯಡಿಕೆಯ ಸಂಚಿಯ ಜೊತೆ. ಅಮ್ಮ ಸೀರೆ ಉಡುತ್ತಿದ್ದಾಗ ಸೆರಗಿನ ತುದಿಯ ಗಂಟಿನಲ್ಲಿ. "ಈಗ ಫೋನಿಗೆ ಜಾಗವಿಲ್ಲ" ಎಂದು ಅಮ್ಮ ಎರಡು ಹೊಸ ನೈಟಿಗಳನ್ನು ನನ್ನ ಕೈಗೆ ಕೊಟ್ಟರು. ಪೇಟೆಗೆ ಹೋಗುವಾಗ ಟೈಲರಿಗೆ ಕೊಟ್ಟು, ಬಲಗಡೆ ಒಂದೊಂದು ಕಿಸೆ ಇಡಿಸಿ ತರಬೇಕಂತೆ. ಆಳ ಇರಲಿ, ಬಗ್ಗಿದಾಗ ಬೀಳಬಾರದು ಎಂದು ಎರಡು ಸಲ ಹೇಳಿದ್ದಾರೆ.