ಮಾಲ್ಡೀವ್ಸ್‌ನಲ್ಲಿ ಘನತ್ಯಾಜ್ಯ ನಿರ್ವಹಣೆ

ಮಾಲ್ಡೀವ್ಸ್‌ನ ಘನತ್ಯಾಜ್ಯ ನಿರ್ವಹಣೆಯು ಹಿಂದೂ ಮಹಾಸಾಗರದ ಈ ಹವಳದ್ವೀಪ ರಾಷ್ಟ್ರದ ಮನೆಗಳು, ಪ್ರವಾಸಿ ರೆಸಾರ್ಟ್‌ಗಳು, ಕಟ್ಟಡ ಕಾಮಗಾರಿಗಳು ಮತ್ತು ಉದ್ಯಮಗಳಿಂದ ಹೊರಬೀಳುವ ಕಸವನ್ನು ಸಂಗ್ರಹಿಸುವ, ಸಾಗಿಸುವ ಹಾಗೂ ಸಂಸ್ಕರಿಸುವ ವ್ಯವಸ್ಥೆಯಾಗಿದೆ. ಜನವಸತಿಯಿರುವ ಸುಮಾರು 190 ದ್ವೀಪಗಳು ಸಾಗರದಲ್ಲಿ ಚದುರಿಹೋಗಿರುವುದರಿಂದ, ಇಲ್ಲಿನ ಯೋಜನೆಯಲ್ಲಿ ಸಂಸ್ಕರಣೆಯ ತಂತ್ರಜ್ಞಾನಕ್ಕಿಂತ ದೋಣಿ ಸಾಗಣೆಯ ವೆಚ್ಚವೇ ದೊಡ್ಡ ಪ್ರಶ್ನೆಯಾಗಿದೆ.

ಭೌಗೋಳಿಕ ಹಿನ್ನೆಲೆ

ದೇಶದ ಬಹುಪಾಲು ನೆಲವು ಸಮುದ್ರಮಟ್ಟದಿಂದ ಒಂದು ಮೀಟರಿಗಿಂತಲೂ ಕಡಿಮೆ ಎತ್ತರದಲ್ಲಿದೆ. ಹವಳದ ಮರಳಿನ ಕೆಳಗೆ, ಉಪ್ಪುನೀರಿನ ಮೇಲೆ ತೇಲುವಂತೆ, ಸಿಹಿನೀರಿನ ತೆಳುವಾದ ಪದರವೊಂದು ನಿಂತಿರುತ್ತದೆ. ನೆಲದಲ್ಲಿ ಹೂತ ಕಸದಿಂದ ಒಸರುವ ಕೊಳೆನೀರು ಮರಳಿನ ಮೂಲಕ ಬೇಗನೆ ಇಳಿದು ಈ ಪದರವನ್ನು ಸೇರುತ್ತದೆ. ಆದ್ದರಿಂದ ಭೂಖಂಡದ ನಗರಗಳಲ್ಲಿ ರೂಢಿಯಲ್ಲಿರುವ ‘ಊರಾಚೆಯ ಗುಂಡಿ’ ಎಂಬ ಪರಿಹಾರಕ್ಕೆ ಇಲ್ಲಿ ಊರಾಚೆ ಎಂಬುದೇ ಇಲ್ಲ. 2022ರ ಜನಗಣತಿಯಂತೆ 5 ಲಕ್ಷಕ್ಕೂ ಮಿಕ್ಕಿದ ಜನಸಂಖ್ಯೆಯಲ್ಲಿ ಐದರಲ್ಲಿ ಎರಡು ಪಾಲು ರಾಜಧಾನಿ ಮಾಲೆ ನಗರದಲ್ಲಿದೆ. ಉಳಿದವರಲ್ಲಿ ಅನೇಕರು ಕೆಲವೇ ನೂರು ಜನರಿರುವ ದ್ವೀಪಗಳಲ್ಲಿ ವಾಸಿಸುತ್ತಾರೆ.

ತಿಲಫುಶಿ

ಮಾಲೆಯ ಪಶ್ಚಿಮಕ್ಕೆ ಸುಮಾರು 7 ಕಿ.ಮೀ. ದೂರದಲ್ಲಿರುವ ತಿಲಫುಶಿಯು ಮೂಲತಃ ದ್ವೀಪವೇ ಅಲ್ಲ. ಆಳವಿಲ್ಲದ ಕಡಲ ಹಿನ್ನೀರಾಗಿತ್ತು. ರಾಜಧಾನಿಯ ಕಸವನ್ನು ಅಲ್ಲಿ ಸುರಿಯಬೇಕೆಂದು 1991ರ ಕೊನೆಯಲ್ಲಿ ತೀರ್ಮಾನವಾಗಿ, 1992ರ ಜನವರಿಯಲ್ಲಿ ಮೊದಲ ಹೊರೆ ಬಂದಿತು. ಗುಂಡಿ ತೋಡಿ, ಕಸ ತುಂಬಿ, ಮೇಲೆ ಕಟ್ಟಡದ ಅವಶೇಷಗಳನ್ನು ಹರಡಿ, ಮರಳಿನಿಂದ ಸಮತಟ್ಟು ಮಾಡಲಾಗುತ್ತಿತ್ತು. ಹೀಗೆ ಕಸದಿಂದಲೇ ನೆಲ ಹುಟ್ಟಿತು. ಆ ನೆಲಕ್ಕೆ ಬೇಡಿಕೆಯೂ ಬಂದು ದೋಣಿ ತಯಾರಿಕೆ, ಸಿಮೆಂಟ್ ದಾಸ್ತಾನು ಮೊದಲಾದ ಉದ್ಯಮಗಳು ಅಲ್ಲಿ ನೆಲೆಯೂರಿದವು. ವಿಂಗಡಣೆಯಿಲ್ಲದೆ ಬಂದ ರಾಶಿಯನ್ನು ಬಯಲಿನಲ್ಲಿ ಸುಡುವುದು ವಾಡಿಕೆಯಾದುದರಿಂದ, ದಟ್ಟ ಹೊಗೆ ವರ್ಷಗಟ್ಟಲೆ ದೂರದಿಂದಲೇ ಕಾಣುತ್ತಿತ್ತು. ತೇಲುವ ಕಸ ಹೆಚ್ಚಿದ ಕಾರಣ 2011ರ ಡಿಸೆಂಬರಿನಲ್ಲಿ ಅಲ್ಲಿ ಕಸ ಸುರಿಯುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಬಯಲು ದಹನವು ಕೊನೆಗೊಂಡದ್ದು 2021ರಲ್ಲಿ. ಆ ಬಳಿಕ ಕಸವನ್ನು ಒತ್ತಿ ಕಟ್ಟುಗಳಾಗಿ ಮಾಡಿ ಇಡುವ ಪದ್ಧತಿ ಬಂದಿತು.

ಹೊರ ದ್ವೀಪಗಳು

2004ರ ಸುನಾಮಿಯ ನಂತರ ನೆರವಿನ ಹಣದಿಂದ ಹಲವು ದ್ವೀಪಗಳಲ್ಲಿ ತ್ಯಾಜ್ಯ ಕೇಂದ್ರಗಳನ್ನು ಕಟ್ಟಲಾಯಿತು. ಯಂತ್ರ, ಸಿಬ್ಬಂದಿ ಹಾಗೂ ಉಳಿಕೆ ಕಸವನ್ನು ಒಯ್ಯುವ ದೋಣಿಗೆ ನಿರಂತರ ಹಣದ ಏರ್ಪಾಡು ಇರಲಿಲ್ಲವಾದ್ದರಿಂದ ಅವುಗಳಲ್ಲಿ ಅನೇಕವು ಸರಿಯಾಗಿ ಬಳಕೆಗೆ ಬರಲಿಲ್ಲ. ಗೋಡೆ, ಚಾವಣಿಗಳಿಗೆ ಒಮ್ಮೆ ಹಣ ಸಿಗುತ್ತದೆ. ಡೀಸೆಲ್ಲಿಗೆ ಪ್ರತಿ ವಾರವೂ ಬೇಕು. ಈ ಅನುಭವದ ನಂತರ ರೂಪುಗೊಂಡ ಯೋಜನೆಗಳು ದೇಶವನ್ನು ವಲಯಗಳಾಗಿ ವಿಭಜಿಸಿದವು: ಹಸಿ ಕಸ ಆಯಾ ದ್ವೀಪದಲ್ಲಿಯೇ ಗೊಬ್ಬರವಾಗಬೇಕು, ಉಳಿದುದು ಮಾತ್ರ ಪ್ರಾದೇಶಿಕ ಕೇಂದ್ರಕ್ಕೆ ಹೋಗಬೇಕು. ಹಸಿ ಕಸ ತೂಕದಲ್ಲಿ ಭಾರ, ಬೇಗನೆ ಕೊಳೆಯುವಂಥದ್ದು. ಅದನ್ನು ಹಡಗಿಗೇರಿಸದಿರುವುದೇ ದೊಡ್ಡ ಉಳಿತಾಯ. ಸಾರವಿಲ್ಲದ ಹವಳದ ಮಣ್ಣಿಗೆ ಗೊಬ್ಬರವೂ ಅವಶ್ಯಕ. ರಾ ಅಟಾಲ್‌ನ ವಂಧೂ ದ್ವೀಪದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಇಂತಹ ಪ್ರಾದೇಶಿಕ ಕೇಂದ್ರವೊಂದು ನಿರ್ಮಾಣವಾಯಿತು.

ಕಾನೂನು ಮತ್ತು ಹಣಕಾಸು

2013ರ ತ್ಯಾಜ್ಯ ನಿರ್ವಹಣಾ ನಿಯಮಾವಳಿಯ ನಂತರ 2022ರಲ್ಲಿ ಪ್ರತ್ಯೇಕ ಕಾಯಿದೆ ಜಾರಿಯಾಯಿತು. ಸಂಗ್ರಹಣೆಯ ಹೊಣೆಯನ್ನು ಹೆಚ್ಚಾಗಿ ಸರ್ಕಾರಿ ಸ್ವಾಮ್ಯದ ‘ವ್ಯಾಮ್ಕೊ’ ಕಂಪನಿ ಹೊತ್ತಿದೆ. 2015ರ ನವೆಂಬರಿನಿಂದ ರೆಸಾರ್ಟ್ ಪ್ರವಾಸಿಗರ ಮೇಲೆ ದಿನಕ್ಕೆ 6 ಅಮೆರಿಕನ್ ಡಾಲರ್ ಹಸಿರು ತೆರಿಗೆ ವಿಧಿಸಲಾಗಿದ್ದು, 2025ರ ಜನವರಿಯಿಂದ ಅದು 12 ಡಾಲರಿಗೆ ಏರಿತು. ಸಣ್ಣ ದ್ವೀಪಗಳ ಮನೆಶುಲ್ಕದಿಂದಲೇ ಸಾಗಣೆಯ ಖರ್ಚು ಹುಟ್ಟುವುದು ಕಷ್ಟವಾದ್ದರಿಂದ ಇಂತಹ ಆದಾಯಕ್ಕೆ ಮಹತ್ವವಿದೆ.

ದಹನ ಸ್ಥಾವರ

ಮಾಲೆ ಮತ್ತು ಸುತ್ತಲಿನ ಅಟಾಲ್‌ಗಳಿಗಾಗಿ ತಿಲಫುಶಿಯಲ್ಲಿ ದಿನಕ್ಕೆ 500 ಟನ್ ಕಸವನ್ನು ಉರಿಸಿ ವಿದ್ಯುತ್ ಉತ್ಪಾದಿಸುವ ಸ್ಥಾವರದ ಯೋಜನೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2020ರಲ್ಲಿ ನೆರವು ಮಂಜೂರು ಮಾಡಿತು. ದಹನದಿಂದ ಕಸದ ಗಾತ್ರ ಬಹಳಷ್ಟು ಕುಗ್ಗುತ್ತದೆ ಎಂಬುದು ಭೂಮಿಯೇ ಇಲ್ಲದ ದೇಶಕ್ಕೆ ಬಲವಾದ ವಾದ. ಆದರೆ ಇಂತಹ ಸ್ಥಾವರಕ್ಕೆ ಪ್ರತಿದಿನವೂ ಸಾಕಷ್ಟು ಒಣ ಕಸ ದೊರೆಯಬೇಕು; ಕಸವನ್ನು ಮೂಲದಲ್ಲೇ ತಗ್ಗಿಸುವ ಗುರಿಗೂ ಇದಕ್ಕೂ ಹೊಂದಾಣಿಕೆ ಸುಲಭವಲ್ಲ. ಉರಿದ ಮೇಲೆ ಉಳಿಯುವ ಬೂದಿಗೂ ಜಾಗ ಬೇಕಾಗಿರುವುದರಿಂದ, ಅದನ್ನು ಹೂಳುವ ಸುರಕ್ಷಿತ ಗುಂಡಿಯೂ ಯೋಜನೆಯ ಭಾಗವಾಗಿದೆ.